ಹಳೆಯ ಹೊದಿಕೆ, ಹೊಸ ಗುಂಡಿಗೆ

1964ನೆಯ ಇಸವಿಯ ಮಾರ್ಚ್ ತಿಂಗಳ ‘ಕಾರ್ ಅಂಡ್ ಡ್ರೈವರ್’ ಸಂಚಿಕೆ ಅಮೆರಿಕದ ಮೋಟಾರು ಪ್ರಿಯರಲ್ಲಿ ದೊಡ್ಡ ಕೋಲಾಹಲವನ್ನೇ ಎಬ್ಬಿಸಿತು. ಅದರ ಮುಖಪುಟದ ಮೇಲೆ ಎರಡು ಕಾರುಗಳ ಚಿತ್ರವಿತ್ತು. ಒಂದು ಇಟಲಿಯ ಫೆರಾರಿ ಜಿ.ಟಿ.ಓ. ಪಂದ್ಯಗಳಿಗಾಗಿಯೇ ನಿರ್ಮಾಣವಾದ, ಒಟ್ಟು ಸಂಖ್ಯೆಯಲ್ಲಿ ನಲವತ್ತನ್ನೂ ಮುಟ್ಟದ, ಸಿರಿವಂತರಲ್ಲಿಯೂ ಸಿರಿವಂತರಾದವರಿಗೆ ಮಾತ್ರ ದಕ್ಕುತ್ತಿದ್ದ ರಥ ಅದು. ಇನ್ನೊಂದು, ಅದೇ ಹೆಸರನ್ನು ಎಗ್ಗಿಲ್ಲದೆ ಎರವಲು ಪಡೆದಿದ್ದ ಅಮೆರಿಕದ ಪಾಂಟಿಯಾಕ್ ಜಿ.ಟಿ.ಓ. ಊರಿನ ಮಳಿಗೆಯಲ್ಲಿ ಕಂತಿನ ಮೇಲೆ ಕೊಂಡು, ವಾರದ ದಿನಗಳಲ್ಲಿ ಕಚೇರಿಗೂ ಭಾನುವಾರ ಇಗರ್ಜಿಗೂ ಹೋಗಿಬರಬಹುದಾದ ಗೃಹಸ್ಥರ ಗಾಡಿ ಇದು.

ಪತ್ರಿಕೆಯ ಪರೀಕ್ಷಕರು ಫ್ಲಾರಿಡಾದ ಡೇಟೋನಾದಲ್ಲಿ ಪಾಂಟಿಯಾಕನ್ನು ಓಡಿಸಿ ನೋಡಿದರು. ನಿಂತ ನಿಲುವಿನಿಂದ ಗಂಟೆಗೆ 60 ಮೈಲಿ ವೇಗವನ್ನು ಮುಟ್ಟಲು ಅದಕ್ಕೆ ಹಿಡಿದ ಕಾಲ 4.6 ಸೆಕೆಂಡು. ಕಾಲು ಮೈಲಿ ದೂರವನ್ನು ಅದು 13.1 ಸೆಕೆಂಡಿನಲ್ಲಿ ಕ್ರಮಿಸಿತು. ಕೊನೆಯ ಗೆರೆಯನ್ನು ದಾಟುವಾಗ ಅದರ ವೇಗ ಗಂಟೆಗೆ 115 ಮೈಲಿ. ಪರೀಕ್ಷೆಗೆ ಫೆರಾರಿ ಬರಲೇ ಇಲ್ಲ. ಹೋಲಿಕೆಯೆಲ್ಲ ಕಾಗದದ ಮೇಲೆಯೇ ನಡೆಯಿತು. ಆದರೂ ಅಂಕಿಗಳನ್ನು ಓದಿದವರು ಬೆರಗಾದರು, ಕೆಲವರು ನಂಬಲಿಲ್ಲ. ನಂಬದವರದೇ ಸರಿಯೆಂದು ಮುಂದೆ ಗೊತ್ತಾಯಿತು. ಮಳಿಗೆಯಿಂದ ನೇರವಾಗಿ ತಂದ ಜಿ.ಟಿ.ಓ. ಅದೇ ಕಾಲು ಮೈಲಿಗೆ ಸುಮಾರು 15 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಕಾರಿನ ಲೋಕದಲ್ಲಿ ಎರಡು ಸೆಕೆಂಡೆಂದರೆ ಸಾಮಾನ್ಯವಾದ ಅಂತರವಲ್ಲ.

ಆ ಎರಡು ಸೆಕೆಂಡಿನ ಗುಟ್ಟು ಹೊರಬೀಳಲು 34 ವರ್ಷ ಬೇಕಾಯಿತು. ಪಾಂಟಿಯಾಕಿನ ಜಾಹೀರಾತು ಕೆಲಸ ನೋಡಿಕೊಳ್ಳುತ್ತಿದ್ದ ಸಂಸ್ಥೆಯ ಜಿಮ್ ವ್ಯಾಂಗರ್ಸ್, 1998ರಲ್ಲಿ ಪ್ರಕಟವಾದ ತಮ್ಮ ‘ಗ್ಲೋರಿ ಡೇಸ್’ ಎಂಬ ಪುಸ್ತಕದಲ್ಲಿ ಅದನ್ನು ಒಪ್ಪಿಕೊಂಡರು. ಜಿ.ಟಿ.ಓ.ಗೆ ಕಾರ್ಖಾನೆ ಕೊಡುತ್ತಿದ್ದುದು 389 ಘನ ಅಂಗುಲ ಗಾತ್ರದ ಎಂಜಿನ್. ಡೇಟೋನಾಕ್ಕೆ ಹೋಗಿದ್ದ ಕಾರಿನಲ್ಲಿ ಇದ್ದುದು 421 ಘನ ಅಂಗುಲದ್ದು. ಬಾನೆಟ್ ಎತ್ತಿದರೆ ಕಾಣುತ್ತಿದ್ದುದು ಮಾತ್ರ ಅದೇ ಕಬ್ಬಿಣದ ಅಚ್ಚು, ಅದೇ ತಿಳಿನೀಲಿ ಬಣ್ಣ, ಅದೇ ಮೂರು ಕಾರ್ಬ್ಯುರೇಟರು.

ಹೊರಗೆ ಹಳೆಯದನ್ನು ಹಾಗೆಯೇ ಉಳಿಸಿ ಒಳಗೆ ಬಲವನ್ನು ತುಂಬುವ ಈ ವಿದ್ಯೆ ಇಂದು ಅಮೆರಿಕದಲ್ಲಿ ಒಂದು ದೊಡ್ಡ ಹವ್ಯಾಸವಾಗಿ ಬೆಳೆದಿದೆ. 1960ರ ದಶಕದ ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಬಹಳ ಮಂದಿ. ಅವರಿಗೆ ಕಾರಿನ ಮುಖ ಬದಲಾಗಕೂಡದು. ತಂದೆ ಕೊಂಡ ದಿನ ಹೇಗಿತ್ತೋ ಹಾಗೆಯೇ ಇರಬೇಕು. ಆದರೆ ಅದು ಇಂದಿನ ಹೆದ್ದಾರಿಯಲ್ಲಿ ಇಂದಿನ ಪೆಟ್ರೋಲು ಕುಡಿದು ಓಡಬೇಕು. ಸಾಧ್ಯವಾದರೆ, ಅಂದು ಓಡಿದುದಕ್ಕಿಂತ ಜೋರಾಗಿಯೇ ಓಡಬೇಕು. ಈ ಎರಡು ಆಸೆಗಳನ್ನು ಒಂದೇ ಬಾನೆಟ್ಟಿನ ಕೆಳಗೆ ಕೂರಿಸುವುದು ಎಷ್ಟು ಕಷ್ಟ, ಎಷ್ಟು ಸ್ವಾರಸ್ಯ ಎಂಬುದನ್ನು ತಿಳಿಯಲು ಪಾಂಟಿಯಾಕ್ ಜಿ.ಟಿ.ಓ.ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಏಕೆಂದರೆ ಆ ಕಾರು ಹುಟ್ಟಿದ್ದೇ ಇಂಥದೊಂದು ಉಪಾಯದಿಂದ.

ಒಂದೇ ಅಚ್ಚಿನ ಕುಟುಂಬ

1963ರ ಆರಂಭದಲ್ಲಿ ಜನರಲ್ ಮೋಟಾರ್ಸ್ ಕಂಪನಿ ತನ್ನ ಯಾವ ವಿಭಾಗವೂ ಮೋಟಾರು ಪಂದ್ಯಗಳಲ್ಲಿ ತೊಡಗಕೂಡದೆಂದು ಅಪ್ಪಣೆ ಹೊರಡಿಸಿತು. ಪಂದ್ಯದ ಗೆಲುವಿನಿಂದಲೇ ತರುಣರ ಮನಸ್ಸನ್ನು ಸೆಳೆದಿದ್ದ ಪಾಂಟಿಯಾಕ್ ವಿಭಾಗಕ್ಕೆ ಇದು ಕೈಕಟ್ಟಿ ಹಾಕಿದಂತಾಯಿತು. ಮಧ್ಯಮ ಗಾತ್ರದ ಕಾರುಗಳಲ್ಲಿ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಇರಕೂಡದೆಂಬ ಇನ್ನೊಂದು ನಿಯಮವೂ ಕಂಪನಿಯಲ್ಲಿ ಇತ್ತು. ಆಗ ಪಾಂಟಿಯಾಕಿನ ಮುಖ್ಯ ಎಂಜಿನಿಯರಾಗಿದ್ದವರು ಜಾನ್ ಡಿಲೋರಿಯನ್. ಅವರೂ ಅವರ ಸಹೋದ್ಯೋಗಿಗಳಾದ ಬಿಲ್ ಕಾಲಿನ್ಸ್ ಮತ್ತು ರಸ್ ಗೀ ಅವರೂ ಟೆಂಪೆಸ್ಟ್ ಎಂಬ ಮಧ್ಯಮ ಗಾತ್ರದ ಹೊಸ ಕಾರನ್ನು ಪರಿಶೀಲಿಸುತ್ತಿದ್ದಾಗ ಒಂದು ಸಂಗತಿ ಅವರ ಗಮನಕ್ಕೆ ಬಂತು. ಆ ಕಾರಿಗೆ ಗೊತ್ತುಪಡಿಸಿದ್ದ 326 ಘನ ಅಂಗುಲದ ಎಂಜಿನ್ನೂ, ದೊಡ್ಡ ಕಾರುಗಳಲ್ಲಿ ಬಳಸುತ್ತಿದ್ದ 389ರದೂ ಹೊರಗಿನ ಅಳತೆಯಲ್ಲಿ ಒಂದೇ. ಚಿಕ್ಕದು ಕೂರುವ ಜಾಗದಲ್ಲಿ ದೊಡ್ಡದೂ ಅನಾಯಾಸವಾಗಿ ಕೂರುತ್ತದೆ!

ನಿಯಮವನ್ನು ದಾಟಲು ಅವರು ಹೂಡಿದ ತಂತ್ರವೂ ಅಷ್ಟೇ ಚತುರವಾದುದು. ಹೊಸ ಕಾರೆಂದು ಹೇಳಿದರೆ ಮೇಲಧಿಕಾರಿಗಳ ಒಪ್ಪಿಗೆ ಬೇಕು. ಇದ್ದ ಕಾರಿಗೆ ಸೇರಿಸುವ ಐಚ್ಛಿಕ ಸಲಕರಣೆಯೆಂದರೆ ಬೇಡ. ಆದುದರಿಂದ ಜಿ.ಟಿ.ಓ. ಎಂಬುದು ಲೆ ಮಾನ್ಸ್ ಮಾದರಿಯ ಟೆಂಪೆಸ್ಟ್ ಕಾರಿಗೆ ಸುಮಾರು 295 ಡಾಲರು ಹೆಚ್ಚು ತೆತ್ತರೆ ದೊರೆಯುವ ಒಂದು ‘ಸಲಕರಣೆಯ ಕಟ್ಟು’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಐದು ಸಾವಿರ ಮಾರಾಟವಾದರೆ ಹೆಚ್ಚೆಂದು ವಿಭಾಗದ ಮಾರಾಟದವರು ಎಣಿಸಿದ್ದರು. ಮೊದಲ ವರ್ಷದಲ್ಲಿಯೇ 32,450 ಮಾರಾಟವಾದವು. ಸಾಧಾರಣ ಗಾತ್ರದ ಕಾರಿನಲ್ಲಿ ದೈತ್ಯ ಎಂಜಿನ್ನನ್ನು ಕೂರಿಸಿ ಕೈಗೆಟುಕುವ ಬೆಲೆಗೆ ಮಾರುವ ಈ ಬಗೆಗೆ ಕ್ರಮೇಣ ‘ಮಸಲ್ ಕಾರ್’, ಎಂದರೆ ತೋಳ್ಬಲದ ಕಾರು, ಎಂಬ ಹೆಸರು ಬಿತ್ತು.

ದೈತ್ಯ ಎಂಬ ಮಾತು ಅತಿಶಯೋಕ್ತಿಯೆಂದು ತೋರಬಹುದು. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್ ಕಾರಿನ ಹಳೆಯ ಪೆಟ್ರೋಲು ಎಂಜಿನ್ 1489 ಘನ ಸೆಂಟಿಮೀಟರಿನದು. ಜಿ.ಟಿ.ಓ.ದ 389 ಘನ ಅಂಗುಲವೆಂದರೆ ಸುಮಾರು 6,375 ಘನ ಸೆಂಟಿಮೀಟರು. ನಾಲ್ಕು ಅಂಬಾಸಿಡರುಗಳ ಎಂಜಿನ್ನುಗಳನ್ನು ಒಂದಾಗಿಸಿದರೂ ಇದಕ್ಕೆ ಸಾಟಿಯಾಗದು. ಮೂರು ಕಾರ್ಬ್ಯುರೇಟರುಗಳನ್ನು ಜೋಡಿಸಿದ ಎಂಜಿನ್ನಿಗೆ ಕಾರ್ಖಾನೆ ಹೇಳುತ್ತಿದ್ದ ಶಕ್ತಿ 348 ಅಶ್ವಶಕ್ತಿ.

ಇತರ ಕಂಪನಿಗಳು ಚಿಕ್ಕ ಎಂಜಿನ್ನಿಗೊಂದು, ದೊಡ್ಡದಕ್ಕೊಂದು ಅಚ್ಚನ್ನು ಇಟ್ಟುಕೊಂಡಿದ್ದರೆ, ಪಾಂಟಿಯಾಕಿನವರು 326ರಿಂದ ಮೊದಲ್ಗೊಂಡು 350, 389, 400, 421, 428 ಮತ್ತು 1970ರಲ್ಲಿ ಬಂದ 455 ಘನ ಅಂಗುಲದವರೆಗೆ ಎಲ್ಲವನ್ನೂ ಒಂದೇ ಹೊರ ಅಳತೆಯಲ್ಲಿ ಎರಕ ಹೊಯ್ದರು. ಗಡಿಗೆಯ ಹೊರಸುತ್ತು ಒಂದೇ, ಒಳಗೆ ಹಿಡಿಯುವ ನೀರು ಬೇರೆ ಎಂಬಂತೆ. ಎಂಜಿನ್ನಿನ ಗಾತ್ರವನ್ನು ನಿರ್ಧರಿಸುವುದು ಎರಡು ಅಳತೆಗಳು: ಪಿಸ್ಟನ್ ಓಡಾಡುವ ಸಿಲಿಂಡರಿನ ಅಗಲ, ಮತ್ತು ಪಿಸ್ಟನ್ ಮೇಲಿನಿಂದ ಕೆಳಕ್ಕೆ ಚಲಿಸುವ ದೂರ. 389ರಲ್ಲಿ ಸಿಲಿಂಡರಿನ ಅಗಲ ನಾಲ್ಕು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು, ಪಿಸ್ಟನ್ನಿನ ಓಟ 3¾ ಅಂಗುಲ. 421ರಲ್ಲಿ ಅಗಲ ಕೂದಲೆಳೆಯಷ್ಟು ಹೆಚ್ಚಿದೆ. ಓಟ ಮಾತ್ರ ಪೂರ್ತಿ 4 ಅಂಗುಲ. ಬೀಸುವ ಕಲ್ಲಿನ ಗೂಟವನ್ನು ನಡುವಿನಿಂದ ಇನ್ನಷ್ಟು ದೂರಕ್ಕೆ ನೆಟ್ಟರೆ ಕೈ ಸುತ್ತುವ ವೃತ್ತ ದೊಡ್ಡದಾಗುವುದಷ್ಟೆ? ಕ್ರ್ಯಾಂಕ್ ದಂಡದಲ್ಲಿಯೂ ಹಾಗೆಯೇ. ದಂಡದ ತಿರುವನ್ನು ಕೊಂಚ ಹೊರಕ್ಕೆ ಚಾಚಿದರೆ ಪಿಸ್ಟನ್ ಹೆಚ್ಚು ದೂರ ಇಳಿಯುತ್ತದೆ, ಹೆಚ್ಚು ಗಾಳಿ-ಪೆಟ್ರೋಲನ್ನು ಒಳಕ್ಕೆ ಸೆಳೆಯುತ್ತದೆ, ಹೆಚ್ಚು ಬಲದಿಂದ ತಿರುಗುತ್ತದೆ. ಇದಾವುದೂ ಹೊರಗೆ ಕಾಣುವುದಿಲ್ಲ.

ಬಾಬ್‌ಕ್ಯಾಟ್ ಚಿಕಿತ್ಸೆ

ಡೇಟೋನಾದ ಕಾರನ್ನು ಸಿದ್ಧಪಡಿಸಿದವರು ಮಿಶಿಗನ್ ರಾಜ್ಯದ ರಾಯಲ್ ಓಕ್ ಎಂಬ ಊರಿನಲ್ಲಿದ್ದ, ಏಸ್ ವಿಲ್ಸನ್ ಎಂಬುವರ ‘ರಾಯಲ್ ಪಾಂಟಿಯಾಕ್’ ಮಳಿಗೆಯವರು. ಡೆಟ್ರಾಯಿಟಿನಿಂದ ಪಾಂಟಿಯಾಕ್ ಪಟ್ಟಣದವರೆಗೆ ನೇರವಾಗಿ ಚಾಚಿರುವ ವುಡ್‌ವರ್ಡ್ ಅವೆನ್ಯೂ ಈ ಊರನ್ನು ಹಾದುಹೋಗುತ್ತದೆ. ಆ ದಿನಗಳಲ್ಲಿ ರಾತ್ರಿಯಾಯಿತೆಂದರೆ ಅಲ್ಲಿನ ದೀಪಸ್ತಂಭಗಳ ಕೆಳಗೆ ತರುಣರು ಜೂಜುಕಟ್ಟಿ ಕಾರುಗಳನ್ನು ಓಡಿಸುತ್ತಿದ್ದರು. ಕಾನೂನಿಗೆ ವಿರುದ್ಧವಾದ, ಪ್ರಾಣಕ್ಕೆ ಎರವಾಗಬಹುದಾದ ಆಟ, ಮೆಚ್ಚತಕ್ಕದ್ದಲ್ಲ. ಆದರೆ ಹೊರಗೆ ಸಾಧು, ಒಳಗೆ ಹುಲಿ ಎನ್ನುವಂಥ ಗಾಡಿಗೆ ಅಲ್ಲಿ ಇದ್ದ ಬೆಲೆ ಬೇರೆಲ್ಲಿಯೂ ಇರಲಿಲ್ಲ. ಎದುರಾಳಿಗೆ ಅನುಮಾನ ಬಂದರೆ ಅವನು ಪಂದ್ಯಕ್ಕೆ ಒಪ್ಪುವುದೇ ಇಲ್ಲವಲ್ಲ! ಇಂಥ ಗಾಡಿಗಳನ್ನು ಅಲ್ಲಿನವರು ‘ಸ್ಲೀಪರ್’ ಎಂದು ಕರೆಯುತ್ತಾರೆ: ನಿದ್ದೆಹೋದಂತೆ ನಟಿಸುವವನು.

ರಾಯಲ್ ಮಳಿಗೆಯವರು ಗಿರಾಕಿಗಳ ಕಾರಿಗೆ ಮಾಡಿಕೊಡುತ್ತಿದ್ದ ಚಿಕಿತ್ಸೆಗೆ ‘ಬಾಬ್‌ಕ್ಯಾಟ್’ ಎಂದು ಹೆಸರು. ಪಾಂಟಿಯಾಕಿನ ಬಾನ್‌ವಿಲ್ ಮತ್ತು ಕ್ಯಾಟಲಿನಾ ಎಂಬ ಮಾದರಿಗಳ ಲೋಹದ ಅಕ್ಷರಗಳನ್ನು ಕಿತ್ತು ಬೇರೆ ಕ್ರಮದಲ್ಲಿ ಜೋಡಿಸಿದಾಗ ಆ ಹೆಸರು ಹುಟ್ಟಿತಂತೆ. ಚಿಕಿತ್ಸೆಯಲ್ಲಿ ಎಂಜಿನ್ ಬದಲಾವಣೆಯಿರಲಿಲ್ಲ. ಸಿಲಿಂಡರಿನ ತಲೆಯ ಕೆಳಗಿನ ಗ್ಯಾಸ್ಕೆಟ್ಟನ್ನು ತೆಗೆದು ಅದಕ್ಕಿಂತ ತೆಳ್ಳಗಿನದನ್ನು ಹಾಕುವುದು. ಇದರಿಂದ ಒಳಗಿನ ಒತ್ತಡ ಏರುತ್ತದೆ. ಕಾರ್ಬ್ಯುರೇಟರುಗಳಿಗೆ ಪೆಟ್ರೋಲು ಬಿಸಿಯಾಗದಂತೆ, ಎಂಜಿನ್ನಿನ ಬಿಸಿಗಾಳಿ ಹಾಯುವ ಕಿಂಡಿಯನ್ನು ಮುಚ್ಚುವುದು. ಜೆಟ್ಟುಗಳ ತೂತನ್ನು ಬದಲಿಸುವುದು. ಕಿಡಿ ಹೊತ್ತುವ ಗಳಿಗೆಯನ್ನು ತಿದ್ದುವುದು. ಎಂಜಿನ್ ಇನ್ನೂ ವೇಗವಾಗಿ ತಿರುಗಿದರೂ ಕವಾಟಗಳು ತಾಳತಪ್ಪದಂತೆ ರಾಕರ್ ತೋಳುಗಳಿಗೆ ಭದ್ರವಾದ ನಟ್ಟುಗಳನ್ನು ಹಾಕುವುದು. ಒಂದೊಂದೂ ಅಲ್ಪವೆನಿಸುವ ಕೆಲಸ. ಎಲ್ಲವೂ ಕೂಡಿದಾಗ ಕಾರಿನ ನಡೆಯೇ ಬೇರೆ. ದೂರದ ಊರಿನವರಿಗೆ ಈ ಸಾಮಗ್ರಿಗಳನ್ನು ಅಂಚೆಯ ಮೂಲಕವೂ ಕಳುಹಿಸಿಕೊಡುತ್ತಿದ್ದರು.

ಮರೆಮಾಚುವ ಆಟದಲ್ಲಿ ಕಾರ್ಖಾನೆಗಳೂ ಹಿಂದೆ ಬಿದ್ದಿರಲಿಲ್ಲ. 1967ರಲ್ಲಿ ಬಂದ ಕಾರ್ವೆಟ್ ಕಾರಿನ ಎಲ್-88 ಎಂಜಿನ್ನಿಗೆ ಕಾಗದದ ಮೇಲೆ 430 ಅಶ್ವಶಕ್ತಿ. ನಿಜವಾದ ಬಲ ಐದುನೂರನ್ನು ಮೀರಿತ್ತು. ಇನ್ನು 1964ರ ಜಿ.ಟಿ.ಓ.ದ ಬಾನೆಟ್ಟಿನ ಮೇಲೆ ಗಾಳಿಯನ್ನು ಹೀರುವಂತೆ ಬಾಯಿ ತೆರೆದ ಎರಡು ಗೂಡುಗಳಿವೆ. ಅವೆರಡೂ ಬರಿಯ ಅಲಂಕಾರ! ಒಂದು ಹನಿ ಗಾಳಿಯೂ ಅವುಗಳೊಳಗಿಂದ ಎಂಜಿನ್ನಿಗೆ ಹೋಗುತ್ತಿರಲಿಲ್ಲ. ಇಲ್ಲದ ಬಲವನ್ನು ಮೇಲೆ ತೋರಿಸಿ, ಇದ್ದ ಬಲವನ್ನು ಕೆಳಗೆ ಅಡಗಿಸಿದ ಕಾರದು.

ಸೀಸದ ಋಣ

ಇಂದು ಇಂಥ ಕಾರಿನ ಎಂಜಿನ್ನನ್ನು ಬಿಚ್ಚುವವನಿಗೆ ಮೊದಲು ಎದುರಾಗುವ ಪ್ರಶ್ನೆ ಬಲದ್ದಲ್ಲ, ಆಹಾರದ್ದು. 1964ರ ಎಂಜಿನ್ನಿನೊಳಗೆ ಗಾಳಿ-ಪೆಟ್ರೋಲಿನ ಮಿಶ್ರಣವನ್ನು 10.75 ಪಾಲಿನಿಂದ ಒಂದು ಪಾಲಿಗೆ ಒತ್ತಲಾಗುತ್ತಿತ್ತು. ಅಷ್ಟು ಒತ್ತಿದರೂ ಅಕಾಲದಲ್ಲಿ ಸ್ಫೋಟಿಸದಂತೆ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದರು. ಅದರ ಗುಣವನ್ನು 1921ರಲ್ಲಿ ಕಂಡುಹಿಡಿದವರು ಜನರಲ್ ಮೋಟಾರ್ಸಿನ ಪ್ರಯೋಗಶಾಲೆಯ ಥಾಮಸ್ ಮಿಡ್ಜ್‌ಲಿ. ಎಂಜಿನ್ನಿಗೆ ಅಮೃತವಾದ ಆ ವಸ್ತು ಉಸಿರಾಡುವ ಜನಕ್ಕೆ ವಿಷ. ಬೆಳೆಯುವ ಮಕ್ಕಳ ಬುದ್ಧಿಗೇ ಕುಂದು ತರುವಂಥದು. ಅಮೆರಿಕದಲ್ಲಿ 1970ರ ದಶಕದಿಂದ ಅದನ್ನು ಹಂತಹಂತವಾಗಿ ಇಳಿಸಿ, 1996ರ ಜನವರಿ 1ರಿಂದ ರಸ್ತೆಯ ವಾಹನಗಳಿಗೆ ಪೂರ್ತಿಯಾಗಿ ನಿಷೇಧಿಸಿದರು. ಭಾರತದಲ್ಲಿ ಅದು 2000ದಲ್ಲಿ ನಿಂತಿತು. ಒಳ್ಳೆಯದೇ ಆಯಿತು, ಹಳೆಯ ಕಾರಿನ ಅಭಿಮಾನಿಗಳು ಸಹ ಇದಕ್ಕಾಗಿ ಕಣ್ಣೀರಿಡಬೇಕಾಗಿಲ್ಲ.

ಆದರೆ ಸೀಸಕ್ಕೆ ಇನ್ನೊಂದು ಕೆಲಸವಿತ್ತು. ಬಿಸಿಹೊಗೆಯನ್ನು ಹೊರಬಿಡುವ ಕವಾಟ ತನ್ನ ಪೀಠದ ಮೇಲೆ ನಿಮಿಷಕ್ಕೆ ಸಾವಿರಾರು ಸಲ ಬಡಿಯುವಾಗ ಅದು ತೆಳುವಾದ ಪದರವಾಗಿ ನಿಂತು ಮೆತ್ತೆಯಂತೆ ಕಾಯುತ್ತಿತ್ತು. ಮೆತ್ತೆ ಹೋದ ಮೇಲೆ ಎರಕದ ಕಬ್ಬಿಣದ ಪೀಠ ಸವೆಯತೊಡಗುತ್ತದೆ. ಆದುದರಿಂದ ಇಂದು ಎಂಜಿನ್ ಬಿಚ್ಚಿದವರು ಹಳೆಯ ಪೀಠವನ್ನು ಕೊರೆದು ಗಟ್ಟಿ ಲೋಹದ ಬಳೆಗಳನ್ನು ಕೂರಿಸುತ್ತಾರೆ. ಒಳಗಿನ ಒತ್ತಡವನ್ನು ಒಂಬತ್ತು, ಒಂಬತ್ತೂವರೆಯ ಆಸುಪಾಸಿಗೆ ಇಳಿಸುತ್ತಾರೆ. ಎಥನಾಲ್ ಬೆರೆಸಿದ ಪೆಟ್ರೋಲು ಹಳೆಯ ರಬ್ಬರನ್ನು ತಿಂದುಹಾಕುವುದರಿಂದ, ಹಳೆಯ ಮೆದುಕೊಳವೆಗಳ ಜಾಗದಲ್ಲಿ ನೋಡಲು ಹಾಗೆಯೇ ಇರುವ ಹೊಸ ಬಗೆಯವನ್ನು ಹಾಕುತ್ತಾರೆ. ಮೋಟಾರು ಎಣ್ಣೆಯೂ ಬದಲಾಗಿದೆ. ಕ್ಯಾಮ್ ದಂಡದ ಉಬ್ಬುಗಳನ್ನು ಸವೆತದಿಂದ ಕಾಯುತ್ತಿದ್ದ ಸತು-ರಂಜಕಗಳ ಪ್ರಮಾಣ ಇಂದಿನ ಎಣ್ಣೆಗಳಲ್ಲಿ ಕಡಿಮೆ. ಅದಕ್ಕಾಗಿ ಉಜ್ಜುವ ಬದಲು ಉರುಳುವ ರೋಲರ್ ಕ್ಯಾಮನ್ನು ಅಳವಡಿಸುತ್ತಾರೆ. ಬಲ ಹೆಚ್ಚಿಸಬೇಕೆಂಬ ಹಂಬಲವಿಲ್ಲದವರೂ, ಕಾರು ಓಡಬೇಕೆಂದರೆ ಇಷ್ಟನ್ನಂತೂ ಮಾಡಲೇಬೇಕು. ಕಾರ್ಖಾನೆಯಿಂದ ಬಂದಂತೆಯೇ ಇಟ್ಟಿದ್ದೇವೆಂದು ಹೆಮ್ಮೆಪಡುವ ಎಷ್ಟೋ ಕಾರುಗಳ ಒಳಗೆ ನೋಡಿದರೆ ಸಂಗತಿ ಬೇರೆಯೇ ಇರುತ್ತದೆ.

ಬಲವೂ ಬೇಕೆನ್ನುವವರಿಗೆ ಈಗ ದಾರಿ 1964ಕ್ಕಿಂತ ಸುಗಮವಾಗಿದೆ. 421ರ ಕ್ರ್ಯಾಂಕ್ ದಂಡ ಕೂರುವ ಬೇರಿಂಗಿನ ಅಗಲ 3¼ ಅಂಗುಲ. 389ರದು 3 ಅಂಗುಲ. ಅದಕ್ಕಾಗಿಯೇ ಅಂದು ಎಂಜಿನ್ನನ್ನೇ ಇಡಿಯಾಗಿ ಬದಲಿಸಬೇಕಾಯಿತು. ಇಂದು 3 ಅಂಗುಲದ ಬೇರಿಂಗಿಗೆ ಕೂರುವ, ಆದರೆ ಪಿಸ್ಟನ್ನಿಗೆ 4¼ ಅಂಗುಲದ ಓಟ ಕೊಡುವ ಉಕ್ಕಿನ ದಂಡಗಳು ದೊರೆಯುತ್ತವೆ. 389ರ ಸಿಲಿಂಡರುಗಳನ್ನು ಅಂಗುಲದ ಸಾವಿರ ಪಾಲಿನಲ್ಲಿ ಮೂವತ್ತು ಪಾಲಿನಷ್ಟು ಬೋರ್ ಮಾಡಿಸಿ ಈ ದಂಡವನ್ನು ಕೂರಿಸಿದರೆ ಎಂಜಿನ್ನಿನ ಗಾತ್ರ 447 ಘನ ಅಂಗುಲವಾಗುತ್ತದೆ. ಸುಮಾರು ಏಳೂಕಾಲು ಲೀಟರು! ಸಿಲಿಂಡರಿನ ತಲೆಗಳನ್ನು ಹಗುರವಾದ ಅಲ್ಯೂಮಿನಿಯಮಿನಲ್ಲಿ ತಂದು ಕಬ್ಬಿಣದ ಮೇಲಿದ್ದ ಅದೇ ನೀಲಿಯನ್ನು ಬಳಿಯುತ್ತಾರೆ. ಹೊಗೆ ಹೊರಹೋಗುವ ಎರಕದ ಕೊಳವೆಗಳನ್ನು ಬದಲಿಸುವಂತಿಲ್ಲ, ಅವು ಕಣ್ಣಿಗೆ ಬೀಳುತ್ತವೆ. ಹಾಗಾಗಿ ಉಕ್ಕನ್ನೂ ಸವೆಸಬಲ್ಲ ಹರಳುಪುಡಿ ಬೆರೆಸಿದ ಅಂಟನ್ನು ಅವುಗಳೊಳಗೆ ಒತ್ತಡದಿಂದ ಹಾಯಿಸಿ ಒಳಮೈಯನ್ನು ಮಾತ್ರ ನುಣುಪುಗೊಳಿಸಿ ಹಿಗ್ಗಿಸುತ್ತಾರೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಹಳೆಯ ಮುಚ್ಚಳದ ಕೆಳಗೆ, ಸವೆಯುವ ಪಾಯಿಂಟುಗಳ ಜಾಗದಲ್ಲಿ, ಹೆಬ್ಬೆರಳಿನಷ್ಟು ದೊಡ್ಡ ಎಲೆಕ್ಟ್ರಾನಿಕ್ ತುಣುಕು ಕೂರುತ್ತದೆ. ಹೊಸ ಬ್ಯಾಟರಿಯ ಮೇಲೆ ಹಳೆಯ ‘ಡೆಲ್ಕೊ’ ಬ್ಯಾಟರಿಯ ರೂಪದ ಟೊಳ್ಳು ಹೊದಿಕೆ.

ಹೊರನೋಟದ ಮೇಲಿನ ಈ ಶ್ರದ್ಧೆ ಒಮ್ಮೊಮ್ಮೆ ನಗೆ ತರಿಸುವ ಮಟ್ಟಕ್ಕೂ ಹೋಗುತ್ತದೆ. ಅಂದಿನ ಕೆಲಸಗಾರ ಅವಸರದಲ್ಲಿ ಬಣ್ಣ ಸಿಂಪಡಿಸುವಾಗ ಪಕ್ಕದ ಕೊಳವೆಗೂ ನಾಲ್ಕು ಹನಿ ಹಾರಿದ್ದರೆ, ಇಂದಿನವನು ಗಂಟೆಗಟ್ಟಲೆ ಹಳೆಯ ಚಿತ್ರಗಳನ್ನು ನೋಡಿ ಆ ಹನಿಗಳನ್ನೂ ಅದೇ ಜಾಗದಲ್ಲಿ ಹಾರಿಸುತ್ತಾನೆ! ತಪಾಸಣೆಗಾರ ಸೀಮೆಸುಣ್ಣದಲ್ಲಿ ಎಳೆದಿದ್ದ ಗೀಟನ್ನೂ ಬಿಡುವುದಿಲ್ಲ.

ಕಣ್ಣನ್ನು ಹೀಗೆ ತೃಪ್ತಿಪಡಿಸಬಹುದು. ಕಿವಿಯನ್ನು ಮಾತ್ರ ಸುಲಭವಲ್ಲ. ಬಲ ಹೆಚ್ಚಬೇಕಾದರೆ ಕವಾಟಗಳು ಹೆಚ್ಚು ಹೊತ್ತು ತೆರೆದಿರಬೇಕು. ಹಾಗೆ ಮಾಡಿದ ಎಂಜಿನ್ ನಿಂತಲ್ಲೇ ನಿಧಾನವಾಗಿ ತಿರುಗುವಾಗ ಅದರ ಉಸಿರು ಸಮನಾಗಿರುವುದಿಲ್ಲ. ಮುಗ್ಗರಿಸಿ ಮುಗ್ಗರಿಸಿ ಗುಡುಗುತ್ತದೆ. ಬಲ್ಲವರು ಆ ಲಯವನ್ನು ನೂರು ಗಜ ದೂರದಿಂದಲೇ ಗುರುತಿಸುತ್ತಾರೆ. ಜಾಣ ಮೆಕ್ಯಾನಿಕ್ಕು ಇಲ್ಲಿ ಅತಿಯಾಸೆ ಪಡುವುದಿಲ್ಲ. ಕ್ಯಾಮನ್ನು ಮಿತವಾಗಿಟ್ಟು, ಬಲವನ್ನೆಲ್ಲ ಎಂಜಿನ್ನಿನ ಗಾತ್ರದಿಂದಲೇ ಪಡೆಯುತ್ತಾನೆ. ದೊಡ್ಡ ಎಂಜಿನ್ ಸಣ್ಣ ದನಿಯಲ್ಲಿಯೇ ಮಾತಾಡಬಲ್ಲದು.

ನಿಲ್ಲಿಸುವ ಮಾತು

ಇಷ್ಟು ಹೊತ್ತು ಓಡಿಸುವ ಮಾತಾಯಿತು. ಇಂಥ ಕೆಲಸದಲ್ಲಿ ಮನೆಯವರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಇದನ್ನು ನಿಲ್ಲಿಸುವುದು ಹೇಗೆ?

1964ರ ಜಿ.ಟಿ.ಓ.ಗೆ ನಾಲ್ಕು ಚಕ್ರಗಳಿಗೂ ಇದ್ದವು ಡ್ರಮ್ ಬ್ರೇಕುಗಳು; ಒಂದೊಂದರ ವ್ಯಾಸ ಒಂಬತ್ತೂವರೆ ಅಂಗುಲ. ಅಂದಿನ 348 ಅಶ್ವಶಕ್ತಿಗೇ ಅವು ಸಾಲವೆಂದು ಆಗಲೇ ಟೀಕೆ ಕೇಳಿಬಂದಿತ್ತು. ವೇಗದಲ್ಲಿ ಎರಡು ಮೂರು ಸಲ ಬಲವಾಗಿ ಒತ್ತಿದರೆ ಡ್ರಮ್ಮು ಕಾಯ್ದು, ಹಿಡಿತ ಜಾರುತ್ತಾ ಹೋಗುತ್ತದೆ. ಇದಕ್ಕಿಂತ ಘೋರವಾದ ಸಂಗತಿಯೆಂದರೆ, ಬ್ರೇಕಿನ ಎಣ್ಣೆಯನ್ನು ನಾಲ್ಕು ಚಕ್ರಗಳಿಗೂ ಒತ್ತುವ ಮಾಸ್ಟರ್ ಸಿಲಿಂಡರಿಗೆ ಇದ್ದುದು ಒಂದೇ ಕೋಣೆ. ಯಾವುದೇ ಒಂದು ಕೊಳವೆ ಸೋರಿತೆಂದರೆ ನಾಲ್ಕು ಬ್ರೇಕುಗಳೂ ಒಟ್ಟಿಗೆ ಕೈಕೊಡುತ್ತವೆ. ಮುಂದಿನ ಚಕ್ರಗಳಿಗೊಂದು, ಹಿಂದಿನವಕ್ಕೊಂದು ಎಂದು ಎರಡು ಕೋಣೆಗಳ ವ್ಯವಸ್ಥೆ ಜಿ.ಟಿ.ಓ.ಗೆ ಬಂದದ್ದು 1967ರಲ್ಲಿ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಬೇಕೆಂದವರಿಗೆ ದೊರೆತದ್ದೂ ಅದೇ ವರ್ಷ.

ಇಂಥ ಕಾರಿಗೆ ಇನ್ನೂ ನೂರು ಅಶ್ವಶಕ್ತಿಯನ್ನು ಸೇರಿಸಿ, ನೋಟ ಕೆಡುತ್ತದೆಂದು ಬ್ರೇಕನ್ನು ಮುಟ್ಟದೆ ಬಿಡುವವರು ಇದ್ದಾರೆ. ಅದು ಶುದ್ಧ ಅವಿವೇಕ. ಎರಡು ಕೋಣೆಯ ಮಾಸ್ಟರ್ ಸಿಲಿಂಡರನ್ನು ಕಪ್ಪು ಎರಕದಲ್ಲಿ ತಂದು ಕೂರಿಸಿದರೆ ನೂರರಲ್ಲಿ ತೊಂಬತ್ತು ಮಂದಿ ಗಮನಿಸುವುದಿಲ್ಲ. ಉಕ್ಕಿನ ಚಕ್ರಕ್ಕೆ ಹಳೆಯ ಹೊಳಪಿನ ಮುಚ್ಚಳ ಹಾಕಿದರೆ ಅದರ ಹಿಂದಿರುವ ಡಿಸ್ಕು ಯಾರ ಕಣ್ಣಿಗೂ ಬೀಳುವುದಿಲ್ಲ. ಯಾರಾದರೂ ಕಂಡುಹಿಡಿದು ಆಡಿಕೊಂಡರೂ ಚಿಂತೆಯಿಲ್ಲ. ಹಿಂದಿನ ಆಸನದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ ಅದು. ಮಾಸ್ಟರ್ ಸಿಲಿಂಡರು ಹೊಸದೆಂಬ ಕಾರಣಕ್ಕೆ ಪ್ರದರ್ಶನದಲ್ಲಿ ನಾಲ್ಕು ಅಂಕ ಕಳೆಯುವ ತೀರ್ಪುಗಾರರಿಗೆ ಆ ಅಂಕಗಳನ್ನು ಸಂತೋಷದಿಂದ ಬಿಟ್ಟುಕೊಡಬಹುದು.

ಈ ಹವ್ಯಾಸಕ್ಕೆ ಈಗ ಅದರದೇ ಆದ ಪಂದ್ಯಗಳೂ ಇವೆ. ‘ಫ್ಯಾಕ್ಟರಿ ಅಪಿಯರಿಂಗ್ ಸ್ಟಾಕ್ ಟೈರ್’ ಎಂಬ ವರ್ಗದ ಓಟಗಳಲ್ಲಿ ಒಳಗೆ ಏನನ್ನು ತುಂಬಿದ್ದರೂ ಆಕ್ಷೇಪವಿಲ್ಲ. ಹೊರಗೆ ಕಾರ್ಖಾನೆಯಿಂದ ಬಂದಂತೆಯೇ ಕಾಣಬೇಕು. ಅಂದಿನ ಮಾದರಿಯ ಕಿರಿದಾದ ಟೈರುಗಳ ಮೇಲೆಯೇ ಓಡಬೇಕು. ಅಷ್ಟೊಂದು ಬಲ ಅಷ್ಟು ಕಿರಿದಾದ ರಬ್ಬರಿನ ಮೇಲೆ! ಕಾಲನ್ನು ಸ್ವಲ್ಪ ಜೋರಾಗಿ ಒತ್ತಿದರೆ ಚಕ್ರ ನಿಂತಲ್ಲೇ ಸುತ್ತಿ ಹೊಗೆಯೇಳುತ್ತದೆ, ಕಾರು ಕದಲುವುದಿಲ್ಲ. ಮೊಟ್ಟೆಯ ಮೇಲೆ ಕಾಲಿಟ್ಟವರಂತೆ ಒತ್ತಬೇಕು. ಹಾಗೆ ಒತ್ತಬಲ್ಲವರ ಕಾರುಗಳು ಕಾಲು ಮೈಲಿಯನ್ನು ಹತ್ತು ಹನ್ನೊಂದು ಸೆಕೆಂಡಿನಲ್ಲಿ ಮುಗಿಸುತ್ತವೆ. ಡೇಟೋನಾದ ಕಾರು 421ರ ಬಲದಿಂದ ತೆಗೆದುಕೊಂಡಿದ್ದು 13.1 ಸೆಕೆಂಡು. ಇಲ್ಲಿ ವಂಚನೆಯ ಮಾತೇ ಬರುವುದಿಲ್ಲ. ಎದುರಾಳಿಗೂ, ನೋಡುವವರಿಗೂ ಇದು ವೇಷವೆಂದು ಗೊತ್ತು. ಬಯಲಾಟದ ರಾಕ್ಷಸನನ್ನು ಕಂಡು ಊರವನೇ ಎಂದು ಗುರುತಿಸಿಯೂ ಸುಖಪಡುವುದಿಲ್ಲವೆ?

ಕಬ್ಬಿಣದ ಮೇಲಿನ ಸಂಕೇತ

ತೊಡಕು ಬರುವುದು ಕಾರು ಕೈ ಬದಲಾಯಿಸುವಾಗ. ಎಂಜಿನ್ ಬ್ಲಾಕಿನ ಮುಂಭಾಗದಲ್ಲಿ ಕಾರ್ಖಾನೆಯವರು ಕೊರೆದ ಸಂಕೇತವೂ ಕ್ರಮಸಂಖ್ಯೆಯೂ ಇರುತ್ತವೆ. ಅವು ಆ ಕಾರಿನ ದಾಖಲೆಗೆ ಹೊಂದಿಕೊಂಡರೆ ಅದು ಹುಟ್ಟಿದಾಗಿನ ಎಂಜಿನ್ ಎಂದು ಲೆಕ್ಕ. ಸಂಗ್ರಾಹಕರು ಅಂಥ ಕಾರಿಗೆ ಬಹಳ ಹೆಚ್ಚಿನ ಬೆಲೆ ಕೊಡುತ್ತಾರೆ. ಬ್ಲಾಕು ಒಡೆದರೆ ಆ ಬೆಲೆ ಮತ್ತೆ ಬಾರದು. ಸಿಲಿಂಡರಿನ ಗೋಡೆ ಪ್ರತಿ ಸಲ ಬೋರ್ ಮಾಡಿದಾಗಲೂ ತೆಳುವಾಗುತ್ತದೆ. ಕೊರೆದ ಕಬ್ಬಿಣವನ್ನು ತಿರುಗಿ ತುಂಬುವಂತಿಲ್ಲ. ಅದಕ್ಕಾಗಿಯೇ ಮೂಲ ಬ್ಲಾಕಿನ ಮೇಲೆ ಪ್ರಯೋಗ ಮಾಡಬಾರದೆಂದು ಅನುಭವಿಗಳು ಬುದ್ಧಿ ಹೇಳುತ್ತಾರೆ. 2010ರಲ್ಲಿ ಪಾಂಟಿಯಾಕ್ ಎಂಬ ಹೆಸರೇ ಮುಚ್ಚಿಹೋಗಿ, ಉಳಿದ ಕಬ್ಬಿಣ ಉಳಿದಷ್ಟೇ ಆಗಿರುವಾಗ ಈ ಮಾತಿಗೆ ಇನ್ನಷ್ಟು ತೂಕ ಬಂದಿದೆ.

ಜಿ.ಟಿ.ಓ.ದ ವಿಷಯದಲ್ಲಿ ಇನ್ನೊಂದು ಸಿಕ್ಕು ಇದೆ. ಮೊದಲ ಎರಡು ವರ್ಷ ಅದು ಬರಿಯ ‘ಸಲಕರಣೆಯ ಕಟ್ಟು’ ಆಗಿದ್ದುದರಿಂದ ಕಾರಿನ ಕ್ರಮಸಂಖ್ಯೆಯನ್ನು ನೋಡಿ ಅದು ಜಿ.ಟಿ.ಓ.ವೋ ಸಾಧಾರಣ ಲೆ ಮಾನ್ಸೋ ಎಂದು ಹೇಳುವಂತಿಲ್ಲ. ನಿಯಮವನ್ನು ತಪ್ಪಿಸಲು ಅಂದು ಹೂಡಿದ ಉಪಾಯ ಇಂದಿನ ಕಪಟಿಗಳಿಗೆ ವರವಾಗಿದೆ. ಲೆ ಮಾನ್ಸ್ ಕಾರಿಗೆ ಜಿ.ಟಿ.ಓ. ಅಕ್ಷರಗಳನ್ನು ಅಂಟಿಸಿ, ಹೊರ ಅಳತೆಯಲ್ಲಿ ಒಂದೇ ಆಗಿರುವ ಬೇರಾವುದೋ ಎಂಜಿನ್ನಿಗೆ ನೀಲಿ ಬಳಿದು ಮಾರುವವರು ಹುಟ್ಟಿಕೊಂಡಿದ್ದಾರೆ. ಕೊಳ್ಳುವವರಿಗೆ ಇರುವ ಆಸರೆ ಹಳೆಯ ಕಾಗದಗಳೇ. ‘ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್’ ಎಂಬ ಸಂಸ್ಥೆ ಕಾರಿನ ಕ್ರಮಸಂಖ್ಯೆಯನ್ನು ಪಡೆದು, ಕಾರ್ಖಾನೆಯ ಅಂದಿನ ದಾಖಲೆಯ ಪ್ರತಿಯನ್ನು ಒದಗಿಸುತ್ತದೆ. ಯಾವ ಸಲಕರಣೆಗಳೊಡನೆ ಆ ಕಾರು ಹೊರಬಿತ್ತೆಂಬುದು ಅದರಲ್ಲಿ ಬರೆದಿರುತ್ತದೆ.

ಈ ಹವ್ಯಾಸದಲ್ಲಿ ಪಳಗಿದ ಮರ್ಯಾದಸ್ಥರು ಅನುಸರಿಸುವ ಪದ್ಧತಿ ಒಂದಿದೆ. ಅವರು ಮೂಲ 389ನ್ನು ಕಾರಿನಿಂದ ಇಳಿಸಿ, ಸಿಲಿಂಡರುಗಳಿಗೆ ಎಣ್ಣೆ ಸವರಿ, ತೇವ ತಾಗದಂತೆ ಸುತ್ತಿ, ಗ್ಯಾರೇಜಿನ ಮೂಲೆಯಲ್ಲಿ ಮರದ ಚೌಕಟ್ಟಿನ ಮೇಲೆ ಭದ್ರಪಡಿಸುತ್ತಾರೆ. ಗುಜರಿಯಿಂದ ತಂದ ಸಂಬಂಧವಿಲ್ಲದ ಇನ್ನೊಂದು ಬ್ಲಾಕನ್ನು, ಬಹುಮಟ್ಟಿಗೆ 400 ಘನ ಅಂಗುಲದ್ದನ್ನು, ಮನಸ್ಸು ಬಂದಂತೆ ಹಿಗ್ಗಿಸಿ, ನೀಲಿ ಬಳಿದು, ಮೇಲೆ ಅದೇ ಮೂರು ಕಾರ್ಬ್ಯುರೇಟರುಗಳನ್ನಿಟ್ಟು ಕಾರಿಗೆ ಏರಿಸುತ್ತಾರೆ. ಅದರ ಮೇಲಿನ ಸಂಕೇತವನ್ನು ಉಜ್ಜುವುದಿಲ್ಲ, ತಿದ್ದುವುದಿಲ್ಲ. ಯಾವ ದಿನ ಏನನ್ನು ಬದಲಿಸಿತು, ಯಾವ ಅಳತೆಗೆ ಕೊರೆಯಿತು, ತೆಗೆದ ಬಿಡಿಭಾಗ ಯಾವ ಪೆಟ್ಟಿಗೆಯಲ್ಲಿದೆ ಎಂಬುದನ್ನೆಲ್ಲ ಒಂದು ಕಡತದಲ್ಲಿ ಬರೆದಿಡುತ್ತಾರೆ. ಕಾರನ್ನು ಮಾರುವ ದಿನ ಬಂದರೆ ಆ ಕಡತವೂ ಚೌಕಟ್ಟಿನ ಮೇಲಿನ ಎಂಜಿನ್ನೂ ಕಾರಿನ ಜೊತೆಯಲ್ಲಿಯೇ ಹೊಸ ಮನೆಗೆ ಹೋಗುತ್ತವೆ. ಕೊಂಡವರಿಗೆ ಬೇಕೆನಿಸಿದರೆ, ಒಂದು ಎತ್ತುಯಂತ್ರವನ್ನು ಬಾಡಿಗೆಗೆ ತಂದು 1964ರ ಎಂಜಿನ್ನನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಬಹುದು. ಬೇಡವೆನಿಸಿದರೆ ಬಾನೆಟ್ ಮುಚ್ಚಿ, ಕೀಲಿ ತಿರುಗಿಸಿ ಹೊರಡಬಹುದು.